ತಮ್ಮನ ಎಡಗೈ

ನನ್ನ ತಮ್ಮ ಬಂದು ನೆಲೆಸಿದ ಮೊದಲ ತಿಂಗಳಲ್ಲೇ ನನ್ನ ಮನೆಯ ಕುರ್ಚಿಗಳ ಮೇಲೆ ನನಗೆ ಕನಿಕರ ಹುಟ್ಟಿತು. ಅವನು ಒಂದರಲ್ಲೂ ನೆಟ್ಟಗೆ ಕೂರುವವನಲ್ಲ. ಕೂತ, ಎದ್ದ, ಕಿಟಕಿಗೆ ಹೋಗಿ ಮೋಡ ನೋಡಿದ, ವಾಪಸ್ ಬಂದು ಇನ್ನೊಂದು ಕುರ್ಚಿ ಎಳೆದ. "ಕಾಲಿಗೆ ಚಕ್ರ ಕಟ್ಕೊಂಡಿದೀಯೇನೋ? ಒಂದು ಕಡೆ ಕೂರೋ, ನಿನ್ನ ನೋಡಿ ನನಗೆ ತಲೆ ಸುತ್ತುತ್ತೆ" ಎಂದು ಬೈದರೆ, "ಕೂತೇ ಇದೀನಲ್ಲಕ್ಕಾ" ಎಂದು ನಿಂತುಕೊಂಡೇ ಹೇಳುತ್ತಿದ್ದ.

ವಾಯುಪಡೆಯಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹೆಲಿಕಾಪ್ಟರ್ ಹಾರಿಸಿದವನು ಅವನು. ನೆರೆ ನೀರಿನಲ್ಲಿ ಮಾಳಿಗೆ ಹತ್ತಿ ಕೂತವರನ್ನು, ಹಿಮದಲ್ಲಿ ಸಿಕ್ಕಿಕೊಂಡವರನ್ನು ಎತ್ತಿ ತಂದವನು. ನಲವತ್ತು ದಾಟಿದ ಮೇಲೆ ಮೇಲಿನವರು, ಹಾರಿದ್ದು ಸಾಕು, ಇನ್ನು ಮೇಜಿನ ಮುಂದೆ ಕೂತು ಕಡತ ನೋಡಿ ಎಂದರು. ಕುರ್ಚಿಗೂ ಅವನಿಗೂ ಇರುವ ಸಂಬಂಧ ಹೇಳಿದೆನಲ್ಲ. ರಾಜೀನಾಮೆ ಕೊಟ್ಟು, ಹೆಂಡತಿ ಮಗಳನ್ನು ಕರೆದುಕೊಂಡು ನನ್ನ ಮನೆಯ ಮಹಡಿಗೆ ಬಂದ. ನಾನು ಒಂಟಿ; ಯಜಮಾನರು ಹೋಗಿ ವರ್ಷಗಳಾದವು, ಮಕ್ಕಳಿಲ್ಲ. ಮಲಗುವುದು ಅವರು ಮೇಲೆ, ನಾನು ಕೆಳಗೆ. ಊಟ ಮಾತ್ರ ಎಲ್ಲರದೂ ನನ್ನ ಮೇಜಿನ ಮೇಲೆ.

ನನ್ನ ಕೆಲಸ ಬಸ್ ಡಿಪೋದಲ್ಲಿ. ಯಾವ ಡ್ರೈವರ್ ಯಾವ ದಾರಿಯ ಬಸ್ಸನ್ನು ಯಾವ ಪಾಳಿಯಲ್ಲಿ ತೆಗೆಯಬೇಕು ಎಂದು ಡ್ಯೂಟಿ ಹಾಕುವವಳು ನಾನೇ. ಇಂಥ ಕೆಲಸ ಮಾಡುವವರಿಗೆ ಗಂಟಲು ದೊಡ್ಡದಾಗುತ್ತದೆ, ಕೋಪ ಮೂಗಿನ ತುದಿಯಲ್ಲೇ ಬಿಡಾರ ಹೂಡುತ್ತದೆ. ರಜೆ ಕೇಳಲು ಬರುವವರು ಮೊದಲು ಬಾಗಿಲ ಸಂದಿಯಿಂದ ನನ್ನ ಮುಖದ ಹವಾಮಾನ ನೋಡಿಕೊಂಡು ಆಮೇಲೆ ಒಳಗೆ ಕಾಲಿಡುತ್ತಾರೆ.

ಇಂಥ ನನಗೇ ತಮ್ಮ ಹೊಸ ಪಾಠ ಕಲಿಸಲು ಶುರುಮಾಡಿದ. ಒಂದು ಬೆಳಿಗ್ಗೆ ಚಹಾ ಲೋಟ ನನ್ನ ಕೈಗೆ ಕೊಟ್ಟ. ನಾನು ಹಿಡಿದೆ, ಅವನು ಬಿಡಲಿಲ್ಲ. ಎಳೆದೆ, ಆಗಲೂ ಬಿಡಲಿಲ್ಲ.

"ಏನೋ ಇದು, ಬಿಡೋ!"

"ತಗೊಂಡೆ ಅನ್ನಕ್ಕಾ."

"ಕೈಯಲ್ಲಿ ಹಿಡ್ಕೊಂಡಿರೋದು ಕಾಣ್ತಿಲ್ವಾ?"

"ಕಂಡ್ರೆ ಸಾಲದು, ಹೇಳ್ಬೇಕು. ಹೆಲಿಕಾಪ್ಟರ್‌ನಲ್ಲಿ ಇಬ್ಬರಿರ್ತೀವಿ. ಒಬ್ಬ 'ನಾನು ತಗೊಂಡೆ' ಅಂತ ಬಾಯಿಬಿಟ್ಟು ಹೇಳೋವರೆಗೂ ಇನ್ನೊಬ್ಬ ಹಿಡಿ ಬಿಡೋ ಹಾಗಿಲ್ಲ. ಅವನು ಹಿಡಿದಿದಾನೆ ಅಂತ ಇವನು, ಇವನು ಹಿಡಿದಿದಾನೆ ಅಂತ ಅವನು ಅಂದ್ಕೊಂಡು ಇಬ್ಬರೂ ಬಿಟ್ರೆ ಮುಗೀತು ಕಥೆ."

ತಗೊಂಡೆ ಕಣಪ್ಪಾ ತಗೊಂಡೆ ಎಂದು ಬೈದುಕೊಂಡು ಕುಡಿದೆ. ಅಷ್ಟರಲ್ಲಿ ಅರ್ಧ ಚಹಾ ತಟ್ಟೆಗೆ ಬಿದ್ದಿತ್ತು.

ತರಕಾರಿ ತರಲು ಹೊರಟರೂ ಕಾರಿಗೆ ಒಂದು ಸುತ್ತು ಬಂದು, ಚಕ್ರ ಒತ್ತಿ ನೋಡಿ, ವೈಪರ್ ಎತ್ತಿ ಬಿಟ್ಟು ಆಮೇಲೆ ಹತ್ತುತ್ತಿದ್ದ. ಬೀದಿಯವರು ಅವನಿಗೆ 'ಹೆಲಿಕಾಪ್ಟರ್' ಎಂದೇ ಹೆಸರಿಟ್ಟರು. ಎಲ್ಲಕ್ಕಿಂತ ತಮಾಷೆಯೆಂದರೆ ಅವನ ಎಡಗೈ. ಕಾರು ಓಡಿಸುವಾಗ ಅದು ಸದಾ ಹ್ಯಾಂಡ್ ಬ್ರೇಕ್ ಮೇಲೆ ಇರುತ್ತಿತ್ತು. ಹೆಲಿಕಾಪ್ಟರ್‌ನಲ್ಲೂ ಅದೇ ಜಾಗದಲ್ಲಿ ಅಂಥದೇ ಒಂದು ಹಿಡಿಯಿದೆಯಂತೆ, ಮೇಲಕ್ಕೆಳೆದರೆ ಹೆಲಿಕಾಪ್ಟರ್ ಮೇಲೇಳುತ್ತದಂತೆ. ರಸ್ತೆಯಲ್ಲಿ ಹಂಪ್ ಬಂದಾಗಲೆಲ್ಲ ನನ್ನ ತಮ್ಮ ತನಗೇ ಗೊತ್ತಿಲ್ಲದೆ ಹ್ಯಾಂಡ್ ಬ್ರೇಕನ್ನು ಒಂದಿಷ್ಟು ಮೇಲಕ್ಕೆಳೆಯುತ್ತಿದ್ದ. ಕಾರನ್ನು ಹಂಪ್ ದಾಟಿಸಿ ಹಾರಿಸುವವನ ಹಾಗೆ! ಕಾರು ಕೀರ್ ಎನ್ನುತ್ತಿತ್ತು, ಹಿಂದಿನ ಸೀಟಿನಲ್ಲಿ ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಇಂಥವನಿಗೆ ಬೇರೆ ಕಂಪನಿಗಳ ಹೆಲಿಕಾಪ್ಟರ್ ಕೆಲಸವೇನೋ ಸಿಗುತ್ತಿತ್ತು. ಸಮುದ್ರದ ನಡುವೆ ಎಣ್ಣೆ ತೆಗೆಯುವ ಕಡೆಗೆ ಜನರನ್ನು ಸಾಗಿಸುವವರು ಕರೆದರು ಕೂಡ. ಅವನ ಹೆಂಡತಿ ಒಪ್ಪಲಿಲ್ಲ. ಮೆಲುಮಾತಿನವಳು, ಗ್ರಂಥಾಲಯದಲ್ಲಿ ಕೆಲಸ. ಹಲವು ವರ್ಷಗಳ ಹಿಂದೆ ಅವನ ಜೊತೆಗಾರನೊಬ್ಬ ಮೋಡದೊಳಗೆ ಹೋದವನು ವಾಪಸ್ ಬರಲಿಲ್ಲ. ಆ ಜೊತೆಗಾರನ ಹೆಂಡತಿಯ ಪಕ್ಕದಲ್ಲಿ ಇವಳು ಎರಡು ಹಗಲು ಫೋನಿನ ಮುಂದೆ ಕೂತಿದ್ದಳು. ಮನೆಗೆ ಬಂದವಳು ಒಂದೇ ಮಾತು ಹೇಳಿದಳಂತೆ. "ನೌಕರಿ ಮುಗಿಯೋವರೆಗೂ ಕಾಯ್ತೀನಿ. ಆಮೇಲೆ ತಲೆ ಮೇಲೆ ರೆಕ್ಕೆ ತಿರುಗೋದು ಮನೆ ಫ್ಯಾನಿಂದು ಮಾತ್ರ." ಅವನು ಮಾತು ಕೊಟ್ಟಿದ್ದ. ವಿಮಾನಕ್ಕೆ ಮಾತ್ರ ಅವಳ ತಕರಾರಿರಲಿಲ್ಲ. ಎಂಜಿನ್ ನಿಂತರೂ ಅದು ತೇಲಿಕೊಂಡಾದರೂ ಇಳಿಯುತ್ತದೆ ಎಂದು ಯಾವುದೋ ಪುಸ್ತಕದಲ್ಲಿ ಓದಿಕೊಂಡಿದ್ದಳು.

ಹಾಗಾಗಿ ಗುರಿ ನಿಗದಿಯಾಯಿತು: ಪ್ರಯಾಣಿಕರ ವಿಮಾನದ ಪೈಲಟ್. ಆದರೆ ಅದಕ್ಕೆ ಬೇರೆ ಲೈಸೆನ್ಸು, ಬೇರೆ ಪರೀಕ್ಷೆ, ಮೊದಲಿನಿಂದ ಪಾಠ. ಅದೇ ಹೊತ್ತಿಗೆ ಮಗಳಿಗೂ ಕಾಲೇಜು ಆರಿಸುವ ಸಮಯ. ಪುಟ್ಟಿ ಎಂದೇ ಕರೆಯುತ್ತೇವೆ, ಆದರೆ ನನಗಿಂತ ಗೇಣುದ್ದ ಎತ್ತರ. ಅವಳಿಗೆ ಕಲ್ಲು ಮಣ್ಣಿನ ಹುಚ್ಚು, ಭೂಗರ್ಭಶಾಸ್ತ್ರ ಓದಬೇಕಂತೆ. "ಅಪ್ಪ ಮೇಲೆ ಹೋದ, ಮಗಳು ಪಾತಾಳಕ್ಕೆ ಹೊರಟಳು. ನೆಲದ ಮೇಲಿರೋಳು ನಾನೊಬ್ಬಳೇ" ಎಂದೆ ನಾನು.

ನನ್ನ ತಮ್ಮ ಊಟದ ಮೇಜಿನ ಎದುರಿನ ಗೋಡೆಗೆ ದೊಡ್ಡ ಹಾಳೆಯೊಂದನ್ನು ಅಂಟಿಸಿದ. ಒಂದು ಕಡೆ ಮಗಳ ದಾರಿ, ಇನ್ನೊಂದು ಕಡೆ ತನ್ನದು. ಯಾವ ಪರೀಕ್ಷೆ ಆದಮೇಲೆ ಯಾವುದು, ಎಲ್ಲಿ ತಿರುವು, ಎಲ್ಲಿ ಇಳಿಯುವುದು ಎಲ್ಲ ಬಣ್ಣ ಬಣ್ಣದ ಗೆರೆಗಳಲ್ಲಿ.

"ನಿನ್ನ ಬದಲಿ ನಿಲ್ದಾಣ ಎಲ್ಲಿ?" ಎಂದು ಮಗಳನ್ನು ಕೇಳಿದ.

"ಹಾಗಂದ್ರೆ?"

"ಹೋಗೋ ಕಡೆ ಮಂಜು ಮುಸುಕಿದ್ರೆ ಇನ್ನೆಲ್ಲಿ ಇಳೀತೀಯ ಅಂತ. ಅದನ್ನ ಹೇಳದೆ ನಮಗೆ ಹಾರೋಕೇ ಬಿಡಲ್ಲ."

ಪುಟ್ಟಿ ಪೆನ್ನು ಕಚ್ಚಿ, ಭೂಗರ್ಭಶಾಸ್ತ್ರಕ್ಕೆ ಸೀಟು ಸಿಗದಿದ್ದರೆ ಭೂಗೋಳ ಎಂದು ಬರೆದಳು. ಆಮೇಲೆ ಅವನ ಕಡೆಯ ಗೆರೆಗಳನ್ನು ಬೆರಳಿನಿಂದ ಹಿಂಬಾಲಿಸುತ್ತಾ ಹೋಗಿ, "ನಿಮ್ಮದೆಲ್ಲಿ ಅಪ್ಪಾ?" ಎಂದಳು.

ಅಲ್ಲಿ ಖಾಲಿ ಜಾಗವಿತ್ತು. "ನನಗೆ ಬೇಕಾಗಲ್ಲ ಬಿಡು" ಎಂದು ತಮ್ಮ ಎದ್ದು ಕಿಟಕಿಗೆ ಹೋದ. ಬದಲಿ ನಿಲ್ದಾಣವಿಲ್ಲದೆ ಜೀವಮಾನದಲ್ಲಿ ಒಂದು ಸಲವೂ ಮೇಲೇಳದವನು ಹೀಗಂದದ್ದು ನನಗೆ ಸರಿಕಾಣಲಿಲ್ಲ.

ಪಾಠಗಳನ್ನೇನೋ ಅವನು ನೀರು ಕುಡಿದಷ್ಟು ಸಲೀಸಾಗಿ ಮುಗಿಸಿದ. ತರಗತಿಯಲ್ಲಿ ಉಳಿದವರಿಗೆಲ್ಲ ಮೀಸೆ ಈಗಷ್ಟೇ ಚಿಗುರುತ್ತಿತ್ತು. ಅವನನ್ನು ಅಂಕಲ್ ಎನ್ನುತ್ತಿದ್ದರಂತೆ. ಅಪ್ಪ ಮಗಳು ಒಂದೇ ಮೇಜಿನ ಎರಡು ತುದಿಯಲ್ಲಿ ಓದುತ್ತಿದ್ದರು. ಅವಳು ಕೂತು, ಅವನು ಅಡ್ಡಾಡಿಕೊಂಡು.

ಊಟದ ಹೊತ್ತಿಗೆ ಇನ್ನೊಂದು ಪದ್ಧತಿ. ವಾಯುಪಡೆಯಲ್ಲಿ ಹಾರಿ ಇಳಿದ ಮೇಲೆ ಎಲ್ಲರೂ ಸುತ್ತ ಕೂತು ಅವತ್ತಿನ ತಪ್ಪುಗಳನ್ನು ಹೇಳಿಕೊಳ್ಳುತ್ತಾರಂತೆ. ಬೇರೆಯವರದಲ್ಲ, ತಮ್ಮದನ್ನೇ. ಮೊದಲು ಹೇಳಬೇಕಾದವನು ಅಲ್ಲಿ ಎಲ್ಲರಿಗಿಂತ ದೊಡ್ಡವನು. ದೊಡ್ಡವನು ಹೇಳಿದರೆ ಚಿಕ್ಕವರಿಗೂ ಬಾಯಿ ಬರುತ್ತದೆ, ಇಲ್ಲದಿದ್ದರೆ ಎಲ್ಲರೂ ಮುಚ್ಚಿಟ್ಟುಕೊಂಡೇ ಒಂದು ದಿನ ಸಾಯುತ್ತಾರೆ ಎಂದ.

"ದೊಡ್ಡವರಿಂದ ಶುರು. ಹೇಳಕ್ಕಾ, ಇವತ್ತು ಏನು ತಪ್ಪು ಮಾಡಿದೆ?"

"ನಿನ್ನ ಮನೆಗೆ ಸೇರಿಸ್ಕೊಂಡೆ."

ಪುಟ್ಟಿಗೆ ಅನ್ನ ನೆತ್ತಿಗೇರಿತು. ಆದರೂ ದಿನಾ ನಡೆಯಿತು ಈ ಆಟ. ತಮ್ಮನ ಹೆಂಡತಿ ಯಾರಿಗೋ ತಪ್ಪು ಪುಸ್ತಕ ಕೊಟ್ಟಿರುತ್ತಿದ್ದಳು, ಪುಟ್ಟಿ ಸುಳ್ಳು ಹೇಳಿ ತರಗತಿ ತಪ್ಪಿಸಿರುತ್ತಿದ್ದಳು, ನಾನು ಯಾರಿಗೋ ಸುಮ್ಮಸುಮ್ಮನೆ ಗದರಿರುತ್ತಿದ್ದೆ. ಹೇಳಿ ನಕ್ಕು ತಟ್ಟೆ ತೊಳೆಯಲು ಏಳುತ್ತಿದ್ದೆವು.

ಹಾರಾಟದ ಶಾಲೆ ಊರಾಚೆ. ತಗಡಿನ ಶೆಡ್ಡು, ಸಣ್ಣ ರನ್‌ವೇ, ಅದರ ಕೊನೆಗೆ ತಂತಿಬೇಲಿ. ಒಂದು ದಿನ ನನ್ನ ವಾರದ ರಜೆ. "ಬಾ ಅಕ್ಕಾ, ಹಿಂದಿನ ಸೀಟು ಖಾಲಿ ಇರುತ್ತೆ. ಕಲಿಸೋ ಹುಡುಗಿ ಹೂಂ ಅಂದಿದಾಳೆ" ಎಂದು ಎಳೆದುಕೊಂಡು ಹೋದ. ಅಂತಿಮ ಪರೀಕ್ಷೆಗೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ.

ಕಲಿಸುವವಳು ಅವನ ಅರ್ಧ ವಯಸ್ಸಿನವಳು, ಚುರುಕು ಕಣ್ಣಿನ ಹುಡುಗಿ. ವಿಮಾನವೋ, ಒಳಗೆ ನಮ್ಮ ಕಾರಿಗಿಂತ ಇಕ್ಕಟ್ಟು. ತಮ್ಮ ಸೀದಾ ಹೋಗಿ ಬಲಗಡೆ ಬಾಗಿಲು ತೆಗೆದ. "ಸರ್, ಮತ್ತೆ! ನಿಮ್ಮ ಸೀಟು ಆ ಕಡೆ" ಎಂದು ನಕ್ಕಳು ಹುಡುಗಿ. ಹೆಲಿಕಾಪ್ಟರ್‌ನಲ್ಲಿ ಯಜಮಾನ ಕೂರುವುದು ಬಲಕ್ಕೆ, ವಿಮಾನದಲ್ಲಿ ಎಡಕ್ಕೆ. ಅವನೂ ನಕ್ಕು ಸುತ್ತು ಹಾಕಿ ಹತ್ತಿದ.

ಮೇಲೆ ಹೋದಮೇಲೆ ನಾನು ಅವನನ್ನು ನೋಡಿದೆ. ಹಿಂದಿನಿಂದ ಕಾಣುತ್ತಿದ್ದುದು ಕತ್ತು, ಭುಜ, ಅಷ್ಟೇ. ಆ ಭುಜಗಳು ಸಡಿಲವಾಗಿದ್ದವು. ಮನೆಯಲ್ಲಿ ಒಂದು ದಿನವೂ ಹಾಗೆ ಕಂಡಿರಲಿಲ್ಲ. ನನ್ನ ತಮ್ಮ ಕೊನೆಗೂ ಒಂದು ಕಡೆ ಕೂತಿದ್ದ.

ಇಳಿಯುವಾಗ ಹಾಗಾಯಿತು. ರನ್‌ವೇ ಎದುರಿಗಿತ್ತು, ಬೇಲಿಯನ್ನು ಇನ್ನೂ ದಾಟಿರಲಿಲ್ಲ. ಗಾಳಿ ಹಠಾತ್ತನೆ ಕೈಕೊಟ್ಟಿತೇನೋ, ವಿಮಾನ ಕುಸಿಯಿತು. ನಾನು ಮುಂದಿನ ಸೀಟಿನ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅದೇ ಕ್ಷಣ ವಿಮಾನದ ಮೂತಿ ಮೇಲಕ್ಕೆದ್ದು ಎದುರಿಗಿದ್ದ ರನ್‌ವೇ ಮಾಯವಾಯಿತು, ಬರೀ ಆಕಾಶ. ಎಲ್ಲಿಂದಲೋ ಪೀಪಿಯಂಥ ಸದ್ದೊಂದು ಕೂಗತೊಡಗಿತು.

"ನಾನು ತಗೊಂಡೆ!" ಎಂದಳು ಹುಡುಗಿ.

"ನೀವು ತಗೊಂಡಿರಿ" ಎಂದ ತಮ್ಮ. ಕಾದ ಬಾಣಲೆ ಮುಟ್ಟಿದವನ ಹಾಗೆ ಎರಡೂ ಕೈ ತೆಗೆದ.

ಅವಳು ಮೂತಿಯನ್ನು ಕೆಳಗೆ ಒತ್ತಿದಳು, ಎಂಜಿನ್ ಅಬ್ಬರಿಸಿತು, ಬೇಲಿ ನಮ್ಮ ಕಾಲ ಕೆಳಗೇ ಸರಿದುಹೋದಂತಾಯಿತು. ಇನ್ನೊಂದು ಸುತ್ತು ಹಾಕಿ ಅವಳೇ ಇಳಿಸಿದಳು.

"ಅದೇನೋ ಹಾಗೆ ಕೂಗಿದ್ದು?" ಎಂದೆ ಇಳಿದ ಮೇಲೆ.

"ಇಳಿಯೋ ಮುಂಚೆ ಹಾಗೆ ಕೂಗುತ್ತಕ್ಕಾ."

ಹುಡುಗಿ ಅವನ ಮುಖವನ್ನೇ ನೋಡಿದಳು. ನನಗೆ ವಿಮಾನದ ವಿಷಯ ಏನು ಗೊತ್ತು, ಕೂಗುತ್ತದೇನೋ ಎಂದುಕೊಂಡೆ. ಆ ದಿನ ಊಟದ ಹೊತ್ತಿಗೆ ಅವನು ಹೇಳಿದ ತಪ್ಪು, ಎಡಗಡೆ ಹತ್ತುವ ಬದಲು ಬಲಗಡೆ ಬಾಗಿಲು ತೆಗೆದೆ ಎಂಬುದು. ಎಲ್ಲರೂ ನಕ್ಕೆವು.

ಅಲ್ಲಿಂದ ಮುಂದೆ ಮನೆಯಲ್ಲಿ ಇರುವುದೇ ಕಷ್ಟವಾಯಿತು. ಸೋರದ ನಲ್ಲಿಗಳನ್ನು ಬಿಚ್ಚಿ ರಿಪೇರಿ ಮಾಡಿದ. ಕಪಾಟಿನ ಬಾಗಿಲುಗಳ ಸ್ಕ್ರೂ ಬಿಗಿದ. ಮೆಟ್ಟಿಲು ಹತ್ತಿದ, ಇಳಿದ. ಪುಸ್ತಕ ತೆಗೆದರೆ ಒಂದೇ ಪುಟವನ್ನು ತಿರುವಿ ತಿರುವಿ ನೋಡುತ್ತಿದ್ದ. ಮಾತನಾಡಿಸಿದರೆ ಹೂಂ, ಊಹೂಂ. ಕಾರು ಓಡಿಸುವಾಗ ಎಡಗೈ ಹ್ಯಾಂಡ್ ಬ್ರೇಕ್ ಮೇಲಿರಲಿಲ್ಲ. ಸ್ಟಿಯರಿಂಗನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿರುತ್ತಿತ್ತು. ಒಮ್ಮೆ ಟಿವಿ ನೋಡುತ್ತಾ ಕೂತವನು ಎಡಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತಿದ್ದ. ಪರೀಕ್ಷೆಯ ಭಯ ಎಂದು ತಮ್ಮನ ಹೆಂಡತಿ ಅಂದಳು. ಸಾವು ನೋಡಿ ಬಂದವನಿಗೆ ಪರೀಕ್ಷೆಯ ಭಯವೇ ಎಂದು ನನಗೆ ಅನುಮಾನವಾಯಿತು. ಆದರೆ ಮೈಮೇಲೆ ಬಿದ್ದು ಕೇಳಲಿಲ್ಲ.

ಪರೀಕ್ಷೆ ಸೋಮವಾರ. ಭಾನುವಾರ ಬೆಳಿಗ್ಗೆ ಪುಟ್ಟಿಗೆ ಬೆನ್ನಿಗೆ ಹಾಕುವ ದೊಡ್ಡ ಚೀಲ ಕೊಳ್ಳಲು ನಾಲ್ವರೂ ಕಾರಿನಲ್ಲಿ ಹೊರಟೆವು. ಸೀಟು ಸಿಕ್ಕಿತ್ತು ಅವಳಿಗೆ, ಕಲ್ಲು ಹೊರಲು ಈಗಿನಿಂದಲೇ ತಯಾರಿ. ನಮ್ಮ ಮುಂದೆ ಯಾರದೋ ಮನೆ ಸಾಮಾನು ತುಂಬಿದ ಟೆಂಪೋ ಹೋಗುತ್ತಿತ್ತು. ಹಗ್ಗ ಕಳಚಿತೋ ಏನೋ, ಜೋಡಿ ಮಂಚದ ಹಾಸಿಗೆಯೊಂದು ಧೊಪ್ಪನೆ ನಮ್ಮೆದುರಿಗೇ ಬಿತ್ತು.

ತಮ್ಮನ ಎಡಗೈ ಸ್ಟಿಯರಿಂಗ್ ಬಿಟ್ಟು ಹ್ಯಾಂಡ್ ಬ್ರೇಕನ್ನು ಬೇರುಸಮೇತ ಕೀಳುವಂತೆ ಎಳೆಯಿತು. ಚಕ್ರಗಳು ಕಿರುಚಿದವು. ಕಾರು ಅಡ್ಡಕ್ಕೆ ತಿರುಗಿ, ಜಾರಿ, ಹಾಸಿಗೆಗೆ ಮೂತಿ ತಗುಲಿಸಿ ನಿಂತಿತು. ಹಿಂದೆ ಬಂದವರು ಹೇಗೋ ಬ್ರೇಕ್ ಹಾಕಿ ಹಾರನ್ ಮೇಲೆ ಹಾರನ್ ಬಾರಿಸಿದರು.

ಯಾರಿಗೂ ಏನೂ ಆಗಿರಲಿಲ್ಲ. "ಅಪ್ಪಾ, ಹಾಸಿಗೆ ದಾಟಿಸಿ ಹಾರಿಸೋಕೆ ಹೊರಟಿದ್ರಾ?" ಎಂದಳು ಪುಟ್ಟಿ. ಹೆದರಿ ಹೋಗಿದ್ದ ನಮಗೆಲ್ಲ ನಗು ಉಕ್ಕಿಬಂತು. ಅವನೊಬ್ಬ ನಗಲಿಲ್ಲ. ಕೆಳಗಿಳಿದು ಕಾರಿಗೆ ಒಂದು ಸುತ್ತು ಬಂದ. ಮತ್ತೆ ಒಳಗೆ ಕೂರಲಿಲ್ಲ. ಕೀಲಿಯನ್ನು ಹೆಂಡತಿಯತ್ತ ಚಾಚಿ, "ನೀನು ತಗೋ" ಎಂದ.

"ತಗೊಂಡೆ" ಎಂದು ಅವಳು ನಗುತ್ತಲೇ ತೆಗೆದುಕೊಂಡಳು. ಅವನ ಮುಖ ನೋಡಿ ನಗು ನಿಲ್ಲಿಸಿದಳು.

ಆ ಸಂಜೆ ಬೇಗನೆ ಊಟಕ್ಕೆ ಕೂತೆವು. ಮರುದಿನಕ್ಕೆಂದು ಅವಳು ಇಸ್ತ್ರಿ ಮಾಡಿದ ಬಿಳಿ ಅಂಗಿ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ತಮ್ಮ ಅನ್ನ ಕಲಸಲೇ ಇಲ್ಲ.

"ಇವತ್ತು ದೊಡ್ಡವರಿಂದ ಬೇಡ ಅಕ್ಕಾ, ನಾನು ಮೊದಲು ಹೇಳ್ತೀನಿ" ಎಂದ. "ಬೆಳಿಗ್ಗೆ ಹಾಸಿಗೆ ಬಿದ್ದಾಗ ನನ್ನ ಕಾಲು ಬ್ರೇಕ್ ಮುಟ್ಟೇ ಇಲ್ಲ. ಕೈ ಎಳೀತು, ಅಷ್ಟೇ. ಅವತ್ತು ವಿಮಾನದಲ್ಲೂ ಅದೇ ಆಗಿದ್ದು. ಅಕ್ಕ ಹಿಂದೆ ಕೂತಿದ್ಲು."

ಪುಟ್ಟಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಹೆಲಿಕಾಪ್ಟರ್ ಕುಸಿದ್ರೆ ಎಡಗೈಯಲ್ಲಿ ಎಳೀಬೇಕು, ಮೇಲೇಳುತ್ತೆ. ಇಪ್ಪತ್ತು ವರ್ಷ ಅದನ್ನೇ ಮಾಡಿದೀನಿ. ವಿಮಾನದಲ್ಲಿ ಎಡಗೈಯಲ್ಲಿರೋದೇ ಬೇರೆ ಹಿಡಿ. ನೆಲದ ಹತ್ರ, ವೇಗ ಇಲ್ಲದಾಗ ಅದನ್ನ ಎಳೆದ್ರೆ ಮೂತಿ ಮೇಲಾಗುತ್ತೆ, ರೆಕ್ಕೆಗೆ ಗಾಳಿ ಸಿಗಲ್ಲ, ಕಲ್ಲು ಬಿದ್ದ ಹಾಗೆ ಬೀಳುತ್ತೆ. ಆ ಕೂಗು ಅದಕ್ಕೇ, ಬೀಳ್ತಿದೀಯ ಅಂತ. ಆ ಹುಡುಗಿ ತಗೊಳ್ದೇ ಇದ್ದಿದ್ರೆ ಅಕ್ಕನೂ ಇರ್ತಿರ್ಲಿಲ್ಲ, ನಾನೂ ಇರ್ತಿರ್ಲಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. "ಇಳಿಯೋ ಮುಂಚೆ ಹಾಗೆ ಕೂಗುತ್ತೆ ಅಂದ್ಯಲ್ಲೋ! ನನ್ನ ಹತ್ರಾನೇ ಸುಳ್ಳು ಹೇಳಿದ್ಯಾ?"

"ಹೇಳಿದೆ."

"ಕಲಿಸೋಳು ಏನಂದ್ಲು?"

"ಇನ್ನಷ್ಟು ಹಾರಿದ್ರೆ ಕೈ ಪಳಗುತ್ತೆ, ಪರೀಕ್ಷೆ ಸಲೀಸಾಗಿ ಪಾಸಾಗ್ತೀರ ಅಂದ್ಲು. ಅದೂ ನಿಜಾನೇ. ಬೇರೆ ದಿನಗಳಲ್ಲಿ ಕೈ ಹೇಳಿದ ಮಾತು ಕೇಳುತ್ತೆ. ಭಯ ಆದ ದಿನ ಮಾತ್ರ ಕೇಳಲ್ಲ. ಆದ್ರೆ ಪೈಲಟ್ ಬೇಕಾಗೋದೇ ಆ ದಿನಕ್ಕೆ." ಎಡಗೈಯನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡಿದ. "ಹಿಂದೆ ಜನ ಕೂತಿರ್ತಾರೆ ಅಕ್ಕಾ. ನಾಳೆ ನಾನು ಹೋಗಲ್ಲ."

ತಮ್ಮನ ಹೆಂಡತಿ ಎದ್ದು ಅಂಗಿಯನ್ನು ಕುರ್ಚಿಯಿಂದ ತೆಗೆದಳು. ಮಡಿಚಿದಳು, ಮತ್ತೆ ಬಿಡಿಸಿದಳು. ಆಮೇಲೆ ಬೆನ್ನು ತಿರುಗಿಸಿಕೊಂಡೇ ಹೇಳಿದಳು. "ರೀ, ಹೆಲಿಕಾಪ್ಟರ್‌ಗೇ ಹೋಗಿ. ಸಮುದ್ರದವರು ಇನ್ನೂ ಕರೀತಿದಾರಲ್ಲ. ನಾನು ಹೇಳಿದ್ದನ್ನ ವಾಪಸ್ ತಗೋತೀನಿ. ಕಾದು ಅಭ್ಯಾಸ ಇದೆ ನನಗೆ."

ಅವಳು ಎಷ್ಟು ದೊಡ್ಡದನ್ನು ಕೊಡುತ್ತಿದ್ದಾಳೆಂದು ನನಗೆ ಗೊತ್ತಿತ್ತು. ತಮ್ಮನ ಕಣ್ಣು ಒಂದು ಗಳಿಗೆ ಮಿಂಚಿದ್ದನ್ನೂ ನಾನು ನೋಡಿದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಅವನು ಎದ್ದು ಕಿಟಕಿಯವರೆಗೆ ಹೋದ. ಹೋದವನು ತಿರುಗಿ ಬಂದು ಅಂಗಿಯನ್ನು ಅವಳ ಕೈಯಿಂದ ತೆಗೆದುಕೊಂಡ.

"ನೀನು ಕಾಯೋದನ್ನ ನಾನು ನೋಡಿದೀನಿ" ಎಂದ. "ಸಾಕು."

ಪುಟ್ಟಿ ಗೋಡೆಯ ಹಾಳೆಯನ್ನೇ ನೋಡುತ್ತಿದ್ದಳು. "ಹಾಗಾದ್ರೆ ಎಲ್ಲಿ ಇಳೀತೀರಪ್ಪಾ?" ಎಂದಳು. ಮಗು ವ್ಯಂಗ್ಯವಾಡಲಿಲ್ಲ, ಅಳು ನುಂಗಿಕೊಂಡು ಕೇಳಿದಳು. ಅವನು ಹಾಳೆಯ ಆ ಖಾಲಿ ಜಾಗ ನೋಡಿದ.

ಆಗ ನಾನು ಡಿಪೋದ ವಿಷಯ ತೆಗೆದೆ. ಕರುಣೆಯಿಂದಲ್ಲ. ನನ್ನ ಸ್ವಾರ್ಥ ಇತ್ತು. ನಮ್ಮಲ್ಲಿ ಡ್ರೈವರುಗಳಿಗೆ ತರಬೇತಿ ಕೊಡುತ್ತಿದ್ದವರು ನಿವೃತ್ತಿಯಾಗಿ ಜಾಗ ಖಾಲಿ ಬಿದ್ದಿತ್ತು. ನಮ್ಮ ಡಿಪೋದ ದೊಡ್ಡ ರೋಗವೆಂದರೆ ಯಾರೂ ತಪ್ಪು ಒಪ್ಪುವುದಿಲ್ಲ. ಬಸ್ಸು ಮಗ್ಗುಲು ಜಜ್ಜಿಸಿಕೊಂಡು ಬಂದರೂ, ನಿಂತಿದ್ದಾಗ ಯಾರೋ ಬಂದು ಗುದ್ದಿದರು ಮೇಡಂ ಎನ್ನುತ್ತಾರೆ. ಎಲ್ಲ ಅಪಘಾತಗಳೂ ನಿಂತ ಬಸ್ಸಿಗೇ ಆಗುವ ಊರು ನಮ್ಮದು.

"ಬಸ್ಸಾ?" ಎಂದ ತಮ್ಮ.

ಆ ಒಂದು ಮಾತಿನಲ್ಲಿ ಅವನು ಬಿದ್ದ ಎತ್ತರವೆಲ್ಲ ಕೇಳಿಸಿತು. "ಹೂಂ, ಬಸ್ಸೇ. ಅದರಲ್ಲೂ ಹಿಂದೆ ಜನ ಕೂತಿರ್ತಾರೆ ಕಣೋ" ಎಂದೆ.

ಹಲವು ದಿನ ಬೀದಿ ಸುತ್ತಿದ. ಎಲ್ಲಾದರೂ ಹೆಲಿಕಾಪ್ಟರ್ ಸದ್ದಾದರೆ ಓಡಿಹೋಗಿ ಟೆರೇಸಿನಲ್ಲಿ ನಿಲ್ಲುತ್ತಿದ್ದ, ಅದು ಕಣ್ಣಿಗೆ ಕಾಣದಷ್ಟು ದೂರ ಹೋದಮೇಲೂ ಇಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಚಹಾ ಕೊಡುತ್ತಾ, "ಅದಕ್ಕೆ ಏನೇನು ಓದ್ಬೇಕಕ್ಕಾ?" ಎಂದ.

ಓದುವುದಿತ್ತು. ಮೊದಲು ದೊಡ್ಡ ವಾಹನದ ಲೈಸೆನ್ಸು, ಆಮೇಲೆ ತರಬೇತುದಾರರ ಸಂಜೆ ಕಾಲೇಜು. ಗೋಡೆಗೆ ಹೊಸ ಹಾಳೆ ಬಂತು. ಪುಟ್ಟಿ ಕಲ್ಲುಗಳನ್ನು ಹೊತ್ತು ತರತೊಡಗಿದ ವಾರವೇ ಅವಳಪ್ಪ ಕಲಿಕೆಯ ಬಸ್ಸು ಹತ್ತಿದ. ಅದು ಹಳೆಯ ಬಸ್ಸು, ಗೇರ್ ಎಡಗೈಗೆ. ಕೈಗೊಂದು ಕೆಲಸ ಸಿಕ್ಕಿತಲ್ಲ ಎಂದುಕೊಂಡೆ. ಆದರೆ ಹೊರಡುವ ಮುಂಚೆ ಅಷ್ಟು ದೊಡ್ಡ ಬಸ್ಸಿಗೂ ಸುತ್ತು ಬಂದು ಚಕ್ರ ಒತ್ತಿ ನೋಡುತ್ತಿದ್ದುದನ್ನು ಕಂಡು ಡ್ರೈವರುಗಳಿಗೆ ನಕ್ಕು ಸಾಕಾಗುತ್ತಿತ್ತು. "ಮೇಡಂ, ನಿಮ್ಮ ಹೆಲಿಕಾಪ್ಟರ್ ಮೇಲಿಂದ ಬಿದ್ದು ನಮ್ಮ ಡಿಪೋಗೆ ಬಂತಾ?" ಎಂದವನಿಗೆ ನಾನು ಒಂದು ವಾರ ರಜೆಯನ್ನೇ ಕೊಡಲಿಲ್ಲ.

ವರ್ಷ ಕಳೆಯಿತು. ಅವನ ಮೊದಲ ತರಗತಿಯ ದಿನ ನಾನು ಬೇಕೆಂದೇ ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ. ಎಣ್ಣೆ ವಾಸನೆಯ ಉದ್ದನೆಯ ಕೋಣೆ, ಗೋಡೆಗೆ ಒರಗಿಸಿದ ಹಳೇ ಟಯರುಗಳು. ಡ್ರೈವರುಗಳು ಕೈಕಟ್ಟಿ ಕಾಲು ಚಾಚಿ, ಇವನೇನು ಹೇಳುತ್ತಾನೋ ನೋಡೋಣ ಎಂಬಂತೆ ಕೂತಿದ್ದರು. ಮುಂದಿನ ಸಾಲಿನಲ್ಲಿ ಮೀಸೆಯವರು. ನಮ್ಮಲ್ಲಿ ಎಲ್ಲರಿಗಿಂತ ಹಳಬರು, ಎಲ್ಲರೂ ಹಾಗೇ ಕರೆಯುವುದು. ಅವರ ಮೇಲೆ ನನಗೆ ಎಷ್ಟು ನಂಬಿಕೆಯೆಂದರೆ ಸಂಜೆ ಶಾಲೆ ಬಿಡುವ ಹೊತ್ತಿನ ಬಸ್ಸನ್ನು ಅವರಿಗಲ್ಲದೆ ಬೇರೆಯವರಿಗೆ ಹಾಕುತ್ತಿರಲಿಲ್ಲ.

ತಮ್ಮ ಪುಸ್ತಕ ತೆರೆಯಲಿಲ್ಲ. ಆ ಕಡೆಯಿಂದ ಈ ಕಡೆಗೆ ನಡೆದ. "ನನ್ನ ತಪ್ಪಿಂದ ಶುರು ಮಾಡ್ತೀನಿ" ಎಂದ. ಹೆಲಿಕಾಪ್ಟರ್, ವಿಮಾನ, ಎಡಗೈ, ಬೇಲಿ, ಅಕ್ಕನಿಗೆ ಹೇಳಿದ ಸುಳ್ಳು, ಹಾಸಿಗೆ ಎಲ್ಲವನ್ನೂ ಹೇಳಿದ. ಹಾಸಿಗೆಗೆ ನಕ್ಕರು. ಆಮೇಲೆ ನಗಲಿಲ್ಲ. "ಆ ಕೆಲಸ ನನಗೆ ತುಂಬಾ ಇಷ್ಟ ಇತ್ತು. ಈಗಲೂ ಇದೆ. ಆದ್ರೆ ಕೈ ಕೇಳಲಿಲ್ಲ, ಬಿಟ್ಟೆ" ಎಂದು ನಿಲ್ಲಿಸಿದ.

ಹೊರಗೆ ಯಾರೋ ಬಸ್ಸು ತೊಳೆಯುತ್ತಿದ್ದರು, ನೀರಿನ ಸದ್ದು ಕೇಳುತ್ತಿತ್ತು. ಇನ್ನು ಯಾರಾದರೂ ತಮಾಷೆ ಮಾಡಿ ಎಲ್ಲ ಕೆಡಿಸುತ್ತಾರೆ ಎಂದು ನಾನು ಬೈಗುಳ ಸಿದ್ಧ ಮಾಡಿಕೊಂಡಿದ್ದೆ. ಮೀಸೆಯವರು ಕಟ್ಟಿದ್ದ ಕೈ ಬಿಡಿಸಿದರು.

"ನನಗೆ ಸಂಜೆ ಆಗ್ತಿದ್ದ ಹಾಗೆ ಎಡಗಡೆ ಕನ್ನಡಿ ಕಾಣಲ್ಲ ಸರ್" ಎಂದರು. "ಹತ್ತೋ ಮಕ್ಕಳು, ಇಳಿಯೋ ಮಕ್ಕಳು ಎಲ್ಲಾ ಹೊಗೆ ಹೊಗೆ. ಕಂಡಕ್ಟರ್ ಸೀಟಿ ನಂಬ್ಕೊಂಡು ಬಿಡ್ತೀನಿ. ಹೇಳಿದ್ರೆ ಮನೆಗೆ ಕಳಿಸ್ತಾರೆ ಅಂತ ಹೇಳ್ಲಿಲ್ಲ."

ಪ್ರತಿ ಸಂಜೆ ಆ ಬಸ್ಸನ್ನು ಆ ಮಕ್ಕಳ ನಡುವೆ ಕಳಿಸುತ್ತಿದ್ದವಳು ನಾನು. ಅವತ್ತಿನ ಸಂಜೆಗೂ ಹಾಕಿದ್ದೆ; ಬಸ್ಸಿನ ಕೀಲಿ ಆಗಲೇ ಅವರ ಜೇಬಿನಲ್ಲಿತ್ತು. ಎದ್ದು ಮುಂದೆ ಹೋದೆ. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡುತ್ತಿದ್ದೆನೇನೋ. ತಮ್ಮ ಮಾತ್ರ ಅಡ್ಡಾಡುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಾ ನಿಂತಿದ್ದ, ಮಿಸುಕಾಡದೆ.

ಮೀಸೆಯವರು ಕೀಲಿ ತೆಗೆದು ನನ್ನತ್ತ ಚಾಚಿದರು. ನಾನು ಹಿಡಿದೆ. ಅವರು ಬಿಡಲಿಲ್ಲ. ಮೆಲ್ಲಗೆ ಎಳೆದೆ, ಆಗಲೂ ಅವರ ಬೆರಳು ಸಡಿಲವಾಗಲಿಲ್ಲ. ಮೂವತ್ತು ವರ್ಷ ಹಿಡಿದದ್ದನ್ನು ಯಾರ ಕೈಗೆ ಬಿಡುತ್ತಿದ್ದೇನೆಂದು ಅವರಿಗೆ ಗೊತ್ತಾಗಬೇಕಿತ್ತು.

"ತಗೊಂಡೆ" ಎಂದೆ.

ಅವರು ಬಿಟ್ಟರು.